ಹರಾಜಿಗೆ ಇಬ್ಬರು ಬೇಕು

ಚನ್ನಪಟ್ಟಣದಲ್ಲಿ ಕುಶಲಕರ್ಮಿಗಳ ಒಂದು ಕಾರ್ಯಾಗಾರದಲ್ಲಿ ಆಡಿದ ಮಾತು ಇದು. ಊರಿನವರ ಜೊತೆ ಬೀದರ್, ಧಾರವಾಡ, ಮೈಸೂರು ಕಡೆಯವರೂ ಬಂದಿದ್ದರು. ನಡುವೆ ಕೇಳಿದ ಪ್ರಶ್ನೆಗಳನ್ನು ಬಂದ ಜಾಗದಲ್ಲೇ ಬಿಟ್ಟಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಆನ್‌ಲೈನ್ ಹರಾಜಿನಲ್ಲಿ ನಮ್ಮ ಸಾಮಾನು ಮಾರಬಹುದಾ ಅಂತ ಕೇಳಿ ನನ್ನನ್ನು ಕರೆಸಿದ್ದೀರಿ. ಉತ್ತರ ಮೊದಲೇ ಹೇಳಿಬಿಡುತ್ತೇನೆ. ಕೆಲವನ್ನು ಮಾರಬಹುದು. ಹೆಚ್ಚಿನವನ್ನು ಮಾರಬಾರದು. ಯಾವುದನ್ನು, ಯಾಕೆ ಅನ್ನುವುದಷ್ಟೇ ಇವತ್ತಿನ ಮಾತು.

ಹರಾಜು ಈ ಕಡೆಯವರಿಗೆ ಹೇಳಿಕೊಡಬೇಕಾದ ವಿಷಯ ಅಲ್ಲ. ಪಕ್ಕದ ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆ ನೋಡದವರು ಇಲ್ಲಿ ಕಡಿಮೆ. ರೈತ ಗೂಡು ತಂದು ಸುರಿಯುತ್ತಾನೆ, ಲಾಟ್ ನಂಬರ್ ಬೀಳುತ್ತದೆ, ರೀಲರ್‌ಗಳು, ಅಂದರೆ ಗೂಡಿನಿಂದ ನೂಲು ತೆಗೆಯುವವರು, ಬಂದು ಒಂದು ಹಿಡಿ ಗೂಡು ಕೈಗೆ ತಗೊಂಡು ಹಿಸುಕಿ, ಕಿವಿ ಹತ್ತಿರ ಅಲ್ಲಾಡಿಸಿ, ಏನೂ ಮಾತಾಡದೆ ಮೊಬೈಲಿನಲ್ಲಿ ರೇಟು ಒತ್ತುತ್ತಾರೆ. ಅಲ್ಲಿ ರೇಟು ಯಾಕೆ ಏರುತ್ತದೆ? ಕೊಳ್ಳುವವರು ಬಹಳ ಜನ ಇದ್ದಾರೆ. ಅಷ್ಟೂ ಜನಕ್ಕೆ ಗೂಡಿನ ಬೆಲೆ ಗೊತ್ತು. ಅವತ್ತು ಗೂಡು ಸಿಗದಿದ್ದರೆ ನಾಳೆ ಅವರ ಘಟಕ ನಿಲ್ಲುತ್ತದೆ. ಇಷ್ಟಿದ್ದರೆ ಸಾಕು, ಯಾರೂ ಕೂಗಿ ಕರೆಯಬೇಕಾಗಿಲ್ಲ.

ಈಗ ಬೀದರಿನಿಂದ ಬಂದ ಅಣ್ಣ ಒಂದು ಬಿದರಿ ಹೂಜಿಯನ್ನು, ಅಂದರೆ ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸಿದ ಹೂಜಿಯನ್ನು, ಈಬೇ ಅನ್ನುವ ಆನ್‌ಲೈನ್ ಸೈಟಿನಲ್ಲಿ ಹರಾಜಿಗೆ ಇಟ್ಟರು ಅಂದುಕೊಳ್ಳಿ. ಜಗತ್ತೆಲ್ಲ ನೋಡಬಹುದು, ಸರಿ. ಆದರೆ ಜಗತ್ತೆಲ್ಲ ನೋಡುವುದಿಲ್ಲ. ಆ ವಾರ ಬಿದರಿ ಅಂತ ಹುಡುಕಿದವರು ನಾಲ್ಕು ಜನ ಇರಬಹುದು, ಅವರಲ್ಲಿ ಒಬ್ಬರಿಗೆ ನಿಜಕ್ಕೂ ಬೇಕಾಗಿರಬಹುದು. ಆ ಒಬ್ಬರು ಎಷ್ಟೇ ಶ್ರೀಮಂತರಾಗಿರಲಿ, ಎಷ್ಟೇ ಆಸೆಪಟ್ಟಿರಲಿ, ನೀವು ಶುರು ಮಾಡಿದ ಬೆಲೆಗಿಂತ ಒಂದು ಪೈಸೆ ಜಾಸ್ತಿ ಕೊಡುವುದಿಲ್ಲ. ಕೊಡಬೇಕಾಗಿಯೂ ಇಲ್ಲ. ಹರಾಜಿನಲ್ಲಿ ಬೆಲೆ ಏರಿಸುವುದು ಗೆದ್ದವರಲ್ಲ, ಸೋತವರು. ಇದೊಂದು ತಲೆಯಲ್ಲಿದ್ದರೆ ಮುಂದಿನದ್ದೆಲ್ಲ ಸುಲಭ.

ಲೆಕ್ಕ ನೋಡಿ. ಹೂಜಿಗೆ 20 ಡಾಲರ್ ಅಂತ ಶುರು ಮಾಡಿದ್ದೀರಿ. ಒಬ್ಬ ಬಂದು ‘60ರ ತನಕ ನಾನು ಸಿದ್ಧ’ ಅಂತ ಹಾಕುತ್ತಾನೆ. ಆ 60 ನಿಮಗೆ ಕಾಣುವುದಿಲ್ಲ. ಅವನ ಪರವಾಗಿ ಕಂಪ್ಯೂಟರ್ ಬಿಡ್ ಮಾಡುತ್ತಾ, ಅಂದರೆ ಬೆಲೆ ಕೂಗುತ್ತಾ ಹೋಗುತ್ತದೆ, ಬೇರೆ ಯಾರಾದರೂ ಬಂದರೆ ಮಾತ್ರ. ಯಾರೂ ಬರಲಿಲ್ಲ ಅಂದರೆ ಅವನಿಗೆ 20ಕ್ಕೇ ಸಿಕ್ಕಿತು. ಎರಡನೆಯವಳು ಬಂದು 35 ಅಂದಳು ಅಂದರೆ ಅವನಿಗೆ 36ಕ್ಕೆ ಸಿಗುತ್ತದೆ. ಯಾಕೆಂದರೆ 25ರಿಂದ 100 ಡಾಲರ್ ಒಳಗಿನ ಬೆಲೆಗೆ ಈಬೇಯಲ್ಲಿ ಒಂದೊಂದೇ ಡಾಲರ್ ಏರುತ್ತದೆ. 60 ಕೊಡಲು ಜೇಬಿನಲ್ಲಿ ಇಟ್ಟುಕೊಂಡು ಬಂದವನು 36 ಕೊಟ್ಟು ಹೋದ. ಮೋಸ ಏನೂ ನಡೆದಿಲ್ಲ. ಎರಡನೆಯವಳಿಗೆ ಆ ಹೂಜಿ ಅಷ್ಟೇ ಬೇಕಾಗಿತ್ತು, ಅಷ್ಟೇ.

‘ಹಾಗಾದರೆ 1 ಡಾಲರಿಗೆ ಶುರು ಮಾಡಿದರೆ ಜನ ಮುಗಿಬೀಳುತ್ತಾರೆ ಅಂತಾರಲ್ಲ?’ ಅಂತ ಮುಂದಿನ ಸಾಲಿನಿಂದ ಒಬ್ಬರು ಕೇಳಿದರು. ಮುಗಿಬೀಳುತ್ತಾರೆ, ಹೌದು, ಹಳೆ ಐಫೋನಿಗೆ. ಅದರ ಬೆಲೆ ಎಲ್ಲರಿಗೂ ಗೊತ್ತು, ಬೇಕಾದವರು ಸಾವಿರಾರು ಜನ, ಎಲ್ಲಿಂದ ಶುರು ಮಾಡಿದರೂ ಕೊನೆಗೆ ಹೆಚ್ಚುಕಮ್ಮಿ ಅಲ್ಲಿಗೇ ಬಂದು ನಿಲ್ಲುತ್ತದೆ. ನಿಮ್ಮ ಅರಗಿನ ಬಣ್ಣದ ಬಟ್ಟಲಿಗೆ ಅಂಥ ಗೊತ್ತಾದ ಬೆಲೆ ಇಲ್ಲ. ಅದು 1 ಡಾಲರಿಗೇ ಹೋಗಬಹುದು, ಹೋದರೆ ಕಳಿಸಲೇಬೇಕು. ಹರಾಜು ಮುಗಿದ ಮೇಲೆ ‘ಇಲ್ಲ ಸ್ವಾಮಿ, ಗಿಟ್ಟಲ್ಲ’ ಅನ್ನುವ ಹಾಗಿಲ್ಲ.

ಆದ್ದರಿಂದ ಶುರುವಿನ ಬೆಲೆ ಅಂದರೆ ಆಸೆ ತೋರಿಸುವ ಬೆಲೆ ಅಲ್ಲ. ಒಬ್ಬರೇ ಬಂದರೂ, ಆ ಬೆಲೆಗೇ ಹೋದರೂ, ಮನೆಯಲ್ಲಿ ಯಾರೂ ಮುಖ ಸಣ್ಣ ಮಾಡಿಕೊಳ್ಳದ ಬೆಲೆ. ಇದಕ್ಕೊಂದು ಲೆಕ್ಕ ಬರೆದು ತಂದಿದ್ದೇನೆ, ಅಂಕಿಗಳು ಉದಾಹರಣೆಗೆ ಮಾತ್ರ. ಒಂದು ವಸ್ತುವಿಗೆ ಬೆಳ್ಳಿ, ಸತು, ಇದ್ದಿಲು ಎಲ್ಲ ಸೇರಿ 1,500 ರೂಪಾಯಿ. ನಾಲ್ಕು ದಿನದ ಕೆಲಸ, ದಿನಕ್ಕೆ 800ರಂತೆ 3,200. ಡಬ್ಬ, ಬಬಲ್ ಹಾಳೆ, ಟೇಪು 200. ಒಟ್ಟು 4,900. ಅಂಚೆಗೆ 2,500, ಅದನ್ನು ಕೊಳ್ಳುವವರೇ ಕೊಡುತ್ತಾರೆ. ಸೈಟಿನವರ ಕಮಿಷನ್ ಶೇಕಡಾ 15 ಅಂತ ಇಟ್ಟುಕೊಳ್ಳೋಣ.

ಹೆಚ್ಚಿನವರು ಏನು ಮಾಡುತ್ತಾರೆ? 4,900ಕ್ಕೆ ಶೇಕಡಾ 15 ಸೇರಿಸಿ 5,635 ಅಂತ ಇಡುತ್ತಾರೆ. ಕಮಿಷನ್ ಹಿಡಿದಾಯ್ತಲ್ಲ ಅಂತ ಸಮಾಧಾನ. ಆದರೆ ಈಬೇ ಕಮಿಷನ್ ಹಿಡಿಯುವುದು ವಸ್ತುವಿನ ಬೆಲೆ ಮೇಲೆ ಮಾತ್ರ ಅಲ್ಲ, ಅಂಚೆ ಖರ್ಚೂ ಸೇರಿದ ಒಟ್ಟು ಮೊತ್ತದ ಮೇಲೆ. ಕೊಳ್ಳುವವರು ಕಟ್ಟುವ ಅಮೆರಿಕದ ಮಾರಾಟ ತೆರಿಗೆಯೂ ಆ ಒಟ್ಟು ಮೊತ್ತದಲ್ಲೇ ಬರುತ್ತದೆ, ಅದನ್ನು ಸದ್ಯ ಪಕ್ಕಕ್ಕಿಡೋಣ. 5,635ಕ್ಕೆ 2,500 ಸೇರಿ 8,135. ಅದರಲ್ಲಿ ಶೇಕಡಾ 15 ಅಂದರೆ 1,220 ಹೋಯಿತು. ಉಳಿದದ್ದು 6,915. ಅಂಚೆಗೆ 2,500 ಕಟ್ಟಿದಿರಿ. ಕೈಯಲ್ಲಿ 4,415. ನಿಮಗೆ ಬೇಕಾಗಿದ್ದದ್ದು 4,900. ಅರ್ಧ ದಿನಕ್ಕೂ ಹೆಚ್ಚಿನ ಕೂಲಿ ಯಾರಿಗೂ ಗೊತ್ತಾಗದೆ ಹೋಯಿತು. ಸರಿಯಾದ ಲೆಕ್ಕ ಬೇರೆ ಥರ: 4,900ಕ್ಕೆ 2,500 ಕೂಡಿಸಿ, ಬಂದ 7,400ನ್ನು 0.85ರಿಂದ ಭಾಗಿಸಿ, ಅದರಲ್ಲಿ 2,500 ಕಳೆಯಿರಿ. 6,206 ಬರುತ್ತದೆ. ಅದಕ್ಕಿಂತ ಕೆಳಗೆ ಶುರು ಮಾಡಬೇಡಿ.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು, ಬೇಜಾರಾದರೂ ಪರವಾಗಿಲ್ಲ. ಈ ನಾಲ್ಕು ದಿನದ ಕೂಲಿಯಲ್ಲಿ ಮನೆಯ ಹೆಂಗಸರ ಕೆಲಸ ಸೇರಿದೆಯಾ? ಉಜ್ಜಿದ್ದು, ಹೊಳಪು ಕೊಟ್ಟಿದ್ದು, ಕಟ್ಟಿದ್ದು, ಪಾರ್ಸೆಲ್ ಹಿಡಿದುಕೊಂಡು ಅಂಚೆ ಕಚೇರಿಯಲ್ಲಿ ನಿಂತಿದ್ದು? ನಾನು ನೋಡಿದ ಮಟ್ಟಿಗೆ ಯಾರೂ ಸೇರಿಸುವುದಿಲ್ಲ. ಸೇರಿಸಿದರೆ ‘ಅಯ್ಯೋ ಬೆಲೆ ಜಾಸ್ತಿ ಆಗುತ್ತೆ’ ಅಂತಾರೆ. ಆಗಲಿ ಬಿಡಿ. ಅದು ಜಾಸ್ತಿ ಆದದ್ದಲ್ಲ, ಇದ್ದದ್ದೇ ಅಷ್ಟು.

ರಿಸರ್ವ್ ಬೆಲೆ ಅಂತ ಒಂದು ಸೌಲಭ್ಯ ಇದೆ. ಕೆಳಗಿನಿಂದ ಶುರು ಮಾಡಿ, ಒಳಗೊಂದು ಗುಟ್ಟಿನ ಬೆಲೆ ಇಟ್ಟುಕೊಳ್ಳುವುದು. ಅಲ್ಲಿಗೆ ಮುಟ್ಟದಿದ್ದರೆ ಕೊಡಬೇಕಾಗಿಲ್ಲ. ಕೇಳಲು ಚೆನ್ನಾಗಿದೆ. ಆದರೆ ಅದಕ್ಕೆ ಬೇರೆ ಶುಲ್ಕ, ಮಾರಾಟ ಆಗದಿದ್ದರೂ ಕಟ್ಟಬೇಕು. ಅದೂ ಅಲ್ಲದೆ, ರಿಸರ್ವ್ ಮುಟ್ಟಿಲ್ಲ ಅನ್ನುವ ಸಾಲು ಕಂಡರೆ ಬಿಡ್ ಮಾಡುವವರು ಹಿಂದೆ ಸರಿಯುತ್ತಾರೆ. ನನಗೆ ಅದು ಹಿಡಿಸುವುದಿಲ್ಲ.

ಸ್ವಲ್ಪ ಹಿಂದಿನ ಕತೆ. ಈಬೇ 1995ರಲ್ಲಿ ಅಮೆರಿಕದಲ್ಲಿ ಶುರುವಾಯಿತು, ಆಗ ಅದಕ್ಕೆ ಆಕ್ಷನ್‌ವೆಬ್ ಅಂತ ಹೆಸರು, ಕಟ್ಟಿದವರು ಪಿಯರ್ ಒಮಿಡ್ಯಾರ್. ಅಲ್ಲಿ ಮೊದಲು ಮಾರಾಟವಾಗಿದ್ದು ಕೆಟ್ಟುಹೋದ ಒಂದು ಲೇಸರ್ ಪಾಯಿಂಟರ್, 14.83 ಡಾಲರಿಗೆ. ಕೊಂಡವನು ಕೆಟ್ಟ ಲೇಸರ್ ಪಾಯಿಂಟರುಗಳನ್ನೇ ಕೂಡಿಡುವವನು ಅಂತ ಈಬೇಯವರೇ ಹೇಳುವ ಕತೆ. ನಮ್ಮ ದೇಶದಲ್ಲಿ 2000ದಲ್ಲಿ ಬಾಜೀ ಡಾಟ್ ಕಾಮ್ ಬಂತು. 2004ರಲ್ಲಿ ಈಬೇ ಅದನ್ನು ಸುಮಾರು 5 ಕೋಟಿ ಡಾಲರಿಗೆ ಕೊಂಡುಕೊಂಡಿತು. 2017ರಲ್ಲಿ ಈಬೇ ಇಂಡಿಯಾ ಫ್ಲಿಪ್‌ಕಾರ್ಟ್ ಕೈಗೆ ಹೋಯಿತು, 2018ರ ಆಗಸ್ಟಿನಲ್ಲಿ ಬಾಗಿಲು ಹಾಕಿತು. ಈಗ ಇಲ್ಲಿ ಕೂತು ಈಬೇಯಲ್ಲಿ ಮಾರುವುದು ಅಂದರೆ ಹೊರದೇಶಕ್ಕೆ ಮಾರುವುದು, ಅದರಲ್ಲೂ ಹೆಚ್ಚಾಗಿ ಅಮೆರಿಕಕ್ಕೆ. ದುಡ್ಡು ಪೇಯೋನೀರ್ ಅನ್ನುವ ಹಣ ಕಳಿಸುವ ಕಂಪನಿಯ ಮೂಲಕ ಬರುತ್ತದೆ.

‘ಪ್ರಧಾನಿಗೆ ಬಂದ ಉಡುಗೊರೆಗಳು ಹರಾಜಿನಲ್ಲಿ ಅಷ್ಟೊಂದು ದುಡ್ಡಿಗೆ ಹೋಗುತ್ತವಲ್ಲ, ಅವೂ ಕೈಕೆಲಸದವೇ ತಾನೆ?’ ಅಂತ ಒಬ್ಬ ಹುಡುಗ ಕೇಳಿದ. ಒಳ್ಳೆ ಪ್ರಶ್ನೆ. 2019ರಿಂದ ಆ ಇ-ಹರಾಜು ನಡೆಯುತ್ತಿದೆ, ದುಡ್ಡು ಗಂಗೆಯನ್ನು ಶುದ್ಧ ಮಾಡುವ ನಮಾಮಿ ಗಂಗೆ ಯೋಜನೆಗೆ ಹೋಗುತ್ತದೆ. ಅಲ್ಲಿ ಜನ ಕೊಳ್ಳುವುದು ಯಾರ ಕೈಗೆ ಬಂದ ವಸ್ತು ಅನ್ನುವುದನ್ನು. ಮಾಡಿದವರಿಗೆ ಅದರಲ್ಲಿ ಪಾಲೂ ಇಲ್ಲ, ಅದೇ ಊರಿನ ಅದೇ ಕೆಲಸದ ಇನ್ನೊಂದು ತುಂಡಿಗೆ ಆ ಬೆಲೆ ಸಿಗುವುದೂ ಇಲ್ಲ. ಅದನ್ನು ನೋಡಿ ಲೆಕ್ಕ ಹಾಕಬೇಡಿ.

ಈಗ ಯಾವುದು ಹರಾಜಿಗೆ ಹೊಂದುತ್ತದೆ ಅಂತ ನೋಡೋಣ. ಪರೀಕ್ಷೆ ಒಂದೇ: ಇದು ಬೇಕು ಅಂತ ಹಟ ಹಿಡಿಯುವವರು ಜಗತ್ತಿನಲ್ಲಿ ಎಲ್ಲಾದರೂ ಇಬ್ಬರು ಇದ್ದಾರಾ?

ಮೈಸೂರಿನ ಗಂಜೀಫಾಕ್ಕೆ, ಅಂದರೆ ಕೈಯಲ್ಲಿ ಚಿತ್ರ ಬರೆದ ಇಸ್ಪೀಟು ಎಲೆಗಳಿಗೆ, ಇದ್ದಾರೆ. ಇಸ್ಪೀಟು ಎಲೆಗಳನ್ನೇ ಸಂಗ್ರಹಿಸುವವರು ಯುರೋಪು ಅಮೆರಿಕದಲ್ಲಿ ಬಹಳ ಜನ. 1972ರಿಂದ ಅವರದೇ ಒಂದು ಅಂತರರಾಷ್ಟ್ರೀಯ ಸಂಘ ಇದೆ. ಮುಮ್ಮಡಿ ಕೃಷ್ಣರಾಜ ಒಡೆಯರು ಈ ಆಟಗಳನ್ನು ಎಷ್ಟು ತಲೆಗೆ ಹಚ್ಚಿಕೊಂಡಿದ್ದರು, ಹೊಸ ಹೊಸ ಕಟ್ಟುಗಳನ್ನು ಹೇಗೆ ಕಟ್ಟಿದರು, ಅವರ ಶ್ರೀತತ್ತ್ವನಿಧಿ ಗ್ರಂಥದಲ್ಲಿ ಅವು ಹೇಗೆ ಬಂದಿವೆ ಅನ್ನುವುದು ನಮ್ಮಲ್ಲಿ ಅನೇಕರಿಗಿಂತ ಆ ಸಂಗ್ರಾಹಕರಿಗೇ ಚೆನ್ನಾಗಿ ಗೊತ್ತಿರುತ್ತದೆ. ಅಂಥವರು ದಶಾವತಾರ ಗಂಜೀಫಾದಲ್ಲಿ 120 ಎಲೆ ಇದೆಯಾ ಅಂತ ಎಣಿಸುತ್ತಾರೆ. ಹತ್ತು ಅವತಾರ, ಒಂದೊಂದಕ್ಕೆ ಹನ್ನೆರಡು. ಒಂದು ಕಡಿಮೆ ಇದ್ದರೂ ಅವರಿಗೆ ಅದು ಕಟ್ಟು ಅಲ್ಲ. ಪೂರ್ತಿ ಕಟ್ಟು, ಅದರ ಪೆಟ್ಟಿಗೆ, ಬರೆದವರ ಸಹಿ, ಆಡುವ ಕ್ರಮದ ಒಂದು ಹಾಳೆ, ಇಷ್ಟಿದ್ದರೆ ಹರಾಜಿಗೆ ಇಡಲು ಹೆದರಬೇಡಿ. ಬಿಡಿ ಎಲೆಗಳನ್ನು ಚೌಕಟ್ಟಿಗೆ ಹಾಕಿ ಮಾರುವುದಾದರೆ ನಿಗದಿ ಬೆಲೆಗೇ ಮಾರಿ, ಅದನ್ನು ಕೊಳ್ಳುವವರು ಬೇರೆ, ಗೋಡೆಗೆ ಹಾಕುವವರು.

ಬಿದರಿಯಲ್ಲೂ ಹಾಗೇ. ಚಿಕ್ಕ ಆನೆ, ಪೆನ್‌ಡ್ರೈವ್, ಕೀಲಿ ಗೊಂಚಲು, ಇವೆಲ್ಲ ನಿಗದಿ ಬೆಲೆಗೆ. ಹಳೆಯ ಕಾಲದ ಆಕಾರದ ಹುಕ್ಕಾ ಬುಡ, ಸುರಾಹಿ, ತಂತಿ ಕೆಲಸ ತುಂಬಿದ ದೊಡ್ಡ ತಟ್ಟೆ, ಇವಕ್ಕೆ ಇಸ್ಲಾಮಿ ಕಲೆಯ ಸಂಗ್ರಾಹಕರು ಇದ್ದಾರೆ. ಹಳೆ ಬಿದರಿ ಲಂಡನ್ನಿನ ದೊಡ್ಡ ಹರಾಜು ಮನೆಗಳಲ್ಲೂ ಬರುತ್ತದೆ, ಹಾಗಾಗಿ ಆ ಲೋಕಕ್ಕೆ ಬಿದರಿಯ ಪರಿಚಯ ಇದೆ. 2023ರಲ್ಲಿ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂತು. ಕೆಲಸದ ಹೆಸರು ಹೀಗೆ ಸುದ್ದಿಗೆ ಬಂದಾಗ ಹುಡುಕುವವರೂ ಹೆಚ್ಚುತ್ತಾರೆ. ಒಳ್ಳೆ ತುಂಡನ್ನು ಅಂಥ ಹೊತ್ತಿಗೆ ತೆಗೆದಿಟ್ಟುಕೊಂಡಿರಿ.

ಇನ್ನು ನಮ್ಮ ಚನ್ನಪಟ್ಟಣದವರಿಗೆ. ನಿಮ್ಮ ಹೆಚ್ಚಿನ ಸಾಮಾನು ಹರಾಜಿಗೆ ಅಲ್ಲ. ಸಿಟ್ಟಾಗಬೇಡಿ. ಆಲೆ ಮರದ ಒಂದು ಬುಗುರಿಯನ್ನು ಯಂತ್ರದ ಮೇಲೆ ತಿರುಗಿಸಿ, ಅರಗಿನ ಕಡ್ಡಿ ಒತ್ತಿ, ತಾಳೆಗರಿಯಲ್ಲಿ ಹೊಳಪು ಕೊಟ್ಟಿದ್ದೀರಿ. ನಾಳೆ ಅಂಥದ್ದೇ ಇನ್ನೊಂದು ಮಾಡುತ್ತೀರಿ, ನಾಡಿದ್ದು ಇನ್ನೊಂದು. ನಾಳೆಯೂ ಸಿಗುವ ವಸ್ತುವಿಗೆ ಇವತ್ತು ಜಗಳ ಆಡುವವರು ಯಾರು? ಅದು ನಿಮ್ಮ ದೌರ್ಬಲ್ಯ ಅಲ್ಲ, ಬಲ. ಒಂದೇ ಥರದ್ದನ್ನು ಎಷ್ಟು ಬೇಕಾದರೂ ಕೊಡಬಲ್ಲೆ ಅನ್ನುವವರಿಗೆ ನಿಗದಿ ಬೆಲೆಯ ಅಂಗಡಿಯೇ ಸರಿ.

ದಸರೆ ಬೊಂಬೆಗಳದ್ದೂ ಅದೇ ಕತೆ. ಅಮೆರಿಕದ ನಮ್ಮವರು ಬೊಂಬೆ ಕೂರಿಸುತ್ತಾರೆ, ಅವರಿಗೆ ಪಟ್ಟದ ಬೊಂಬೆ ಜೋಡಿ ಬೇಕು, ಮೆರವಣಿಗೆಯ ಆನೆ ಬೇಕು. ಆದರೆ ನವರಾತ್ರಿಯ ಮೊದಲ ದಿನಕ್ಕೆ ಮನೆಯಲ್ಲಿರಬೇಕು. ಹರಾಜಿನಲ್ಲಿ ಗೆಲ್ಲುತ್ತೇನೋ ಇಲ್ಲವೋ ಅಂತ ಏಳು ದಿನ ಕಾದು, ಸೋತು, ಇನ್ನೊಂದು ಹುಡುಕುವ ವ್ಯವಧಾನ ಅವರಿಗಿಲ್ಲ. ಜುಲೈನಲ್ಲೇ ನಿಗದಿ ಬೆಲೆ ಹಾಕಿ ಇಟ್ಟುಬಿಡಿ.

ಆಟಿಕೆ ಅಂದಾಗ ಕಾನೂನೂ ಬರುತ್ತದೆ. ಅಮೆರಿಕದಲ್ಲಿ 12 ವರ್ಷದವರೆಗಿನ ಮಕ್ಕಳ ವಸ್ತು ಮಾರಲು ಲ್ಯಾಬ್ ಪರೀಕ್ಷೆ, ಪ್ರಮಾಣಪತ್ರ ಬೇಕು. ಸೀಸ ಎಷ್ಟಿದೆ ಅಂತ ನೋಡುತ್ತಾರೆ. ನಿಮ್ಮ ಅರಗು, ಅರಿಶಿನದ ಬಣ್ಣ ಎಷ್ಟೇ ಸುರಕ್ಷಿತ ಆಗಿದ್ದರೂ ಕಾಗದ ಇಲ್ಲದೆ ಅದು ಲೆಕ್ಕಕ್ಕಿಲ್ಲ. ನಮ್ಮ ದೇಶದಲ್ಲಿ 2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ ಆಯ್ತು, ಆದರೆ ನೋಂದಾಯಿತ ಕುಶಲಕರ್ಮಿಗಳಿಗೆ ವಿನಾಯಿತಿ ಸಿಕ್ಕಿತು. ಆ ವಿನಾಯಿತಿ ಗಡಿ ದಾಟುವುದಿಲ್ಲ. ಹಾಗಂತ ಗಿಲಕಿಗೆ ‘ಅಲಂಕಾರದ ವಸ್ತು’ ಅಂತ ಚೀಟಿ ಅಂಟಿಸಿ ಕಳಿಸಿದರೆ ಆಗಲ್ಲ, ನೋಡಿದರೆ ಗಿಲಕಿ ಅಂತ ಗೊತ್ತಾಗುತ್ತದೆ. ದೊಡ್ಡವರ ಸಾಮಾನು ಮಾಡಿ: ಬಟ್ಟಲು, ದೀಪದ ಬುಡ, ಬಳೆ, ಪರದೆಯ ಗುಂಡು.

ಧಾರವಾಡದ ಅಕ್ಕ ಒಬ್ಬರು ಎದ್ದು ನಿಂತು, ‘ನಮ್ಮ ಕಸೂತಿ ಮತ್ತು ಮಷೀನಿನ ಕಸೂತಿ ಫೋಟೋದಲ್ಲಿ ಒಂದೇ ಥರ ಕಾಣತಾವ್ರಿ, ಏನ್ ಮಾಡೋಣ?’ ಅಂತ ಕೇಳಿದರು. ಅವರ ಸೆರಗನ್ನೇ ತಿರುಗಿಸಿ ತೋರಿಸಿ ಅಂದೆ. ತಿರುಗಿಸಿದರು. ಗೋಪುರ, ತೇರು, ಅಂಬಾರಿ ಆನೆ, ಹಿಂದೆಯೂ ಮುಂದಿನ ಹಾಗೇ ಇತ್ತು. ಒಂದು ಗಂಟಿಲ್ಲ. ಗವಂತಿ ಹೊಲಿಗೆಯಲ್ಲಿ ಹೋಗುವಾಗ ಒಂದು ಎಳೆ ಬಿಟ್ಟು ಒಂದು, ಬರುವಾಗ ಬಿಟ್ಟ ಜಾಗ ತುಂಬುತ್ತಾ ಬಂದು ಶುರುವಾದಲ್ಲಿಗೇ ಮುಟ್ಟಬೇಕಲ್ಲ. ಮುರ್ಗಿಯೂ ಹಾಗೇ. ಮಷೀನಿನ ಕೆಲಸದ ಹಿಂಭಾಗದಲ್ಲಿ ದಾರದ ಗೋಜಲು, ಇಲ್ಲವೇ ಅಂಟಿಸಿದ ಬಿಳಿ ಬಟ್ಟೆ ಇರುತ್ತದೆ. ಆದ್ದರಿಂದ ಮೊದಲ ಫೋಟೋ ಸೀರೆಯ ಅಂದಕ್ಕೆ ಇರಲಿ, ಎರಡನೆಯದು ಹಿಂಭಾಗದ್ದು, ಎಳೆ ಎಣಿಸುವಷ್ಟು ಹತ್ತಿರದಿಂದ. ಅದರ ಪಕ್ಕ ಒಂದು ಸ್ಕೇಲ್ ಇಡಿ. ಕೈಕಸೂತಿ ಅಂತ ಹತ್ತು ಸಲ ಬರೆಯುವುದಕ್ಕಿಂತ ಆ ಒಂದು ಫೋಟೋ ಸಾಕು. ಮೆಂತಿ ಹೊಲಿಗೆ ಇದ್ದರೆ ಹಿಂದೆ ಮುಂದೆ ಒಂದೇ ಥರ ಇರುವುದಿಲ್ಲ, ಅದನ್ನೂ ಬರೆದುಬಿಡಿ, ಇಲ್ಲದಿದ್ದರೆ ತಿಳಿದವರು ಬಂದು ಪ್ರಶ್ನೆ ಹಾಕುತ್ತಾರೆ.

ಬಿದರಿಯ ಫೋಟೋ ಇದಕ್ಕಿಂತ ಕಷ್ಟ. ಕಪ್ಪು ಮೈ, ಬೆಳ್ಳಿ ಗೆರೆ. ಫ್ಲ್ಯಾಶ್ ಹಾಕಿದರೆ ಬೆಳ್ಳಿ ಉರಿದುಹೋಗುತ್ತದೆ, ಕಪ್ಪು ಬೂದು ಬಣ್ಣಕ್ಕೆ ತಿರುಗುತ್ತದೆ. ಕಿಟಕಿಯ ಪಕ್ಕ, ನೇರ ಬಿಸಿಲು ಬೀಳದ ಕಡೆ, ತಿಳಿ ಬೂದು ಬಟ್ಟೆಯ ಮೇಲೆ ಇಟ್ಟು ತೆಗೆಯಿರಿ. ಬುಡದ ಫೋಟೋ ಮರೆಯಬೇಡಿ, ಸಂಗ್ರಾಹಕರು ಮೊದಲು ನೋಡುವುದೇ ಅದನ್ನು. ಇದರ ಜೊತೆ ಒಂದು ಚಿಕ್ಕ ವಿಡಿಯೊ. ಕೆತ್ತಿ, ಬೆಳ್ಳಿ ಕೂರಿಸಿ, ಉಜ್ಜಿದ ಮೇಲೆ ವಸ್ತು ಪೂರ್ತಿ ಬೆಳ್ಳಗೇ ಇರುತ್ತದೆ, ಎಲ್ಲಿ ಬೆಳ್ಳಿ ಎಲ್ಲಿ ಸತು ಅಂತ ಸರಿಯಾಗಿ ಕಾಣುವುದೂ ಇಲ್ಲ. ಅದನ್ನು ಬಿಸಿ ಮಾಡಿ, ಕೋಟೆಯ ಮಣ್ಣಿಗೆ ನವಸಾಗರ ಸೇರಿಸಿ ಮಾಡಿದ ಕೆಸರನ್ನು ತಿಕ್ಕಿದಾಗ ನೋಡನೋಡುತ್ತಾ ಮೈಯೆಲ್ಲ ಕಪ್ಪಾಗಿ, ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ ಅಲ್ವಾ? ನಿಮಗೆ ಅದು ದಿನಾ ನೋಡುವ ಕೆಲಸ. ಹೊರಗಿನವರು ಅದನ್ನು ನೋಡಿ ಬಾಯಿ ಬಿಡುತ್ತಾರೆ. ಮೊಬೈಲನ್ನು ಎಲ್ಲಾದರೂ ಒರಗಿಸಿಟ್ಟು ಅದೊಂದನ್ನು ಹಿಡಿಯಿರಿ, ಸಂಗೀತ ಬೇಡ, ತಿಕ್ಕುವ ಸದ್ದೇ ಸಾಕು.

ಹೆಸರಿನ ಸಾಲಿಗೆ ಈಬೇ ಕೊಡುವುದು 80 ಅಕ್ಷರ. ‘ತುಂಬಾ ಸುಂದರ’, ‘ಅಪರೂಪ’ ಅಂತೆಲ್ಲ ಬರೆದು ಜಾಗ ಹಾಳು ಮಾಡಬೇಡಿ, ಅಪರೂಪ ಅಂತ ಯಾರೂ ಹುಡುಕುವುದಿಲ್ಲ. ವಸ್ತು ಏನು, ಯಾವ ಊರಿನದು, ಯಾವುದರಿಂದ ಮಾಡಿದ್ದು, ಎಷ್ಟು ದೊಡ್ಡದು. ಅಳತೆ ಸೆಂಟಿಮೀಟರಿನಲ್ಲೂ ಇಂಚಿನಲ್ಲೂ, ತೂಕ ಗ್ರಾಮಿನಲ್ಲಿ. ಕೈಕೆಲಸದಲ್ಲಿ ಒಂದಕ್ಕೊಂದು ಕೂದಲೆಳೆ ವ್ಯತ್ಯಾಸ ಇರುತ್ತದೆ ಅಂತ ನಮಗೆ ಗೊತ್ತು, ಅವರಿಗೆ ಗೊತ್ತಿಲ್ಲ. ವಿವರಣೆಗೆ ಹೊಂದುವುದಿಲ್ಲ ಅಂತ ವಾಪಸ್ ಕಳಿಸಿದರೆ ಎರಡೂ ಕಡೆಯ ಅಂಚೆ ಖರ್ಚು ನಿಮ್ಮ ತಲೆಗೇ ಬರಬಹುದು. ಅಂದಹಾಗೆ, ಈಬೇಯಲ್ಲಿ ಕೊಳ್ಳುವವರು ನಿಮ್ಮ ಬಗ್ಗೆ ಕೆಟ್ಟದ್ದು ಬರೆಯಬಹುದು, ನೀವು ಅವರ ಬಗ್ಗೆ ಬರೆಯುವ ಹಾಗಿಲ್ಲ. 2008ರಿಂದ ಅದೇ ನಿಯಮ. ನ್ಯಾಯವಾ ಅಂತ ಕೇಳಬೇಡಿ.

ಸಮಯದ ವಿಷಯ ಬೇಗ ಹೇಳಿಬಿಡುತ್ತೇನೆ. ಹರಾಜು ದಿನದ ಯಾವ ಹೊತ್ತಿಗೆ ಶುರುವಾಯಿತೋ ಅದೇ ಹೊತ್ತಿಗೆ ಮುಗಿಯುತ್ತದೆ, ಏಳು ದಿನ ಅಂದರೆ ಸರಿಯಾಗಿ ಏಳು ದಿನ. ಅಮೆರಿಕದವರು ಬಿಡುವಾಗಿ ಕೂರುವುದು ಭಾನುವಾರ ಸಂಜೆ. ಕ್ಯಾಲಿಫೋರ್ನಿಯಾದಲ್ಲಿ ಭಾನುವಾರ ಸಂಜೆ ಆರು ಅಂದರೆ ನಮಗೆ ಸೋಮವಾರ ಬೆಳಿಗ್ಗೆ 6:30, ಅವರ ಚಳಿಗಾಲದಲ್ಲಿ 7:30. ಆ ಹೊತ್ತಿಗೆ ಮುಗಿಯುವ ಹಾಗೆ ಇಡಿ. ಕೊನೆಯ ಗಂಟೆಯವರೆಗೂ ಬಿಡ್ ಬರಲಿಲ್ಲ ಅಂತ ಗಾಬರಿಯಾಗಬೇಡಿ. ಪಳಗಿದವರು ಕೊನೆಯ ಹತ್ತು ಸೆಕೆಂಡಿನಲ್ಲಿ ಹಾಕುತ್ತಾರೆ, ಎದುರಾಳಿಗೆ ಯೋಚಿಸಲು ಸಮಯ ಕೊಡಬಾರದು ಅಂತ.

ಬಿಡ್ ಬಾರದೆ ಇದ್ದಾಗ ಒಂದು ಆಸೆ ಹುಟ್ಟುತ್ತದೆ. ಭಾವಮೈದನ ಹೆಸರಿನಲ್ಲಿ ಒಂದು ಖಾತೆ ಮಾಡಿ ಎರಡು ಬಿಡ್ ಹಾಕಿಸಿದರೆ? ಹಳ್ಳಿ ಹರಾಜುಗಳಲ್ಲಿ ತಮ್ಮವರನ್ನೇ ನಿಲ್ಲಿಸಿ ಕೂಗಿಸುವುದು ನಾವೆಲ್ಲ ಕಂಡದ್ದೇ. ಬೇಡ. ಅದೇ ಮನೆ, ಅದೇ ವೈಫೈ, ಅದೇ ಫೋನು, ಕಂಪನಿಯವರಿಗೆ ಗೊತ್ತಾಗುತ್ತದೆ, ಖಾತೆಯೇ ಹೋಗುತ್ತದೆ. ಖಾತೆ ಉಳಿದರೂ ಭಾವಮೈದನೇ ಗೆದ್ದುಬಿಟ್ಟರೆ ಕಮಿಷನ್ ಯಾರು ಕಟ್ಟುವುದು?

ಅದಕ್ಕಿಂತ ಒಳ್ಳೆ ದಾರಿ ಇದೆ. ಆಗಲೇ ಹೇಳಿದೆನಲ್ಲ, ಬೆಲೆ ಏರಿಸಿದವರು ಸೋತವರು ಅಂತ. ಆ ಸೋತವರು ಎಲ್ಲೂ ಹೋಗಿಲ್ಲ, ನಿಮ್ಮ ಪಟ್ಟಿಯಲ್ಲೇ ಇದ್ದಾರೆ. ಈಬೇಯಲ್ಲಿ ಸೆಕೆಂಡ್ ಚಾನ್ಸ್ ಆಫರ್ ಅಂತ ಇದೆ. ನಿಮ್ಮ ಹತ್ತಿರ ಅಂಥದ್ದೇ ಇನ್ನೊಂದು ವಸ್ತು ಇದ್ದರೆ, ಅಥವಾ ಗೆದ್ದವನು ನಾಲ್ಕು ದಿನವಾದರೂ ದುಡ್ಡು ಕಟ್ಟಲಿಲ್ಲ ಅಂದರೆ, ಎರಡನೆಯವರಿಗೆ ಅವರೇ ಹಾಕಿದ್ದ ಬೆಲೆಗೆ ಕೊಡುತ್ತೇನೆ ಅಂತ ಕಳಿಸಬಹುದು. ಕಟ್ಟದೇ ಹೋಗುವವರು ಇರುತ್ತಾರೆ, ಅದಕ್ಕೆ ಬೇಜಾರು ಮಾಡಿಕೊಂಡು ಕೂರಬೇಡಿ. ನಾನಾದರೆ ಒಂದೇ ವಿನ್ಯಾಸದ ಎರಡು ಹೂಜಿ ಮಾಡಿಸಿ, ಒಂದನ್ನು ಹರಾಜಿಗೆ ಇಟ್ಟು, ಇನ್ನೊಂದನ್ನು ಸೋತವರಿಗೆ ಅಂತ ಕಪಾಟಿನಲ್ಲಿ ಇಟ್ಟುಕೊಳ್ಳುತ್ತೇನೆ. ಆಮೇಲೆ ‘ಇದೊಂದೇ ಇರುವುದು’ ಅಂತ ಮಾತ್ರ ಬರೆಯಬಾರದು.

ಪಾರ್ಸೆಲ್ ವಿಷಯ. ಬಿದರಿ ಸತುವಿನದು, ಭಾರ. ಅಂಚೆಯಲ್ಲಿ ಗ್ರಾಮಿನ ಲೆಕ್ಕ. ಚನ್ನಪಟ್ಟಣದ ಮರದ ಕುದುರೆ ಹಗುರ, ಆದರೆ ಜಾಗ ಜಾಸ್ತಿ. ಕೊರಿಯರಿನವರು ಉದ್ದ, ಅಗಲ, ಎತ್ತರ ಗುಣಿಸಿ ಸಾಮಾನ್ಯವಾಗಿ 5,000ದಿಂದ ಭಾಗಿಸುತ್ತಾರೆ, ಬಂದದ್ದು ನಿಜವಾದ ತೂಕಕ್ಕಿಂತ ಹೆಚ್ಚಿದ್ದರೆ ಅದಕ್ಕೇ ದುಡ್ಡು. 40, 40, 40 ಸೆಂಟಿಮೀಟರಿನ ಡಬ್ಬ ಅಂದರೆ 12.8 ಕಿಲೊ, ಒಳಗೆ ಎರಡು ಕಿಲೊ ಕುದುರೆ ಇದ್ದರೂ. ಡಬ್ಬವನ್ನು ವಸ್ತುವಿನ ಅಳತೆಗೆ ಕತ್ತರಿಸಿ. ಅಂಚೆ ಇಲಾಖೆಯ ಡಾಕ್ ಘರ್ ನಿರ್ಯಾತ್ ಕೇಂದ್ರಗಳಲ್ಲಿ ರಫ್ತಿನ ಕಾಗದ ಮಾಡಿಕೊಡುತ್ತಾರೆ, ಚಿಕ್ಕ ಮಾರಾಟಗಾರರಿಗೆ ಅದು ನಿಜಕ್ಕೂ ಅನುಕೂಲ.

ಅಮೆರಿಕದ ಸುಂಕದ ಬಗ್ಗೆ ಎಲ್ಲರೂ ಕೇಳುತ್ತಿದ್ದೀರಿ. ಮೊದಲು 800 ಡಾಲರ್ ಒಳಗಿನ ಪಾರ್ಸೆಲಿಗೆ ಸುಂಕ ಇರಲಿಲ್ಲ. 2025ರ ಆಗಸ್ಟ್ 29ರಿಂದ ಆ ವಿನಾಯಿತಿ ಹೋಯಿತು. ಆ ಸಮಯದಲ್ಲಿ ನಮ್ಮ ಅಂಚೆಯವರು ಅಮೆರಿಕಕ್ಕೆ ಪಾರ್ಸೆಲ್ ತಗೊಳ್ಳುವುದನ್ನೇ ನಿಲ್ಲಿಸಿ, ಅಕ್ಟೋಬರಿನಲ್ಲಿ ಮತ್ತೆ ಶುರು ಮಾಡಿದರು. ಸುಂಕದ ರೇಟು ಬದಲಾಗುತ್ತಲೇ ಇರುತ್ತದೆ, ಹಾಗಾಗಿ ಹರಾಜಿಗೆ ಇಡುವ ದಿನ ವಿಚಾರಿಸಿ. ಇಲ್ಲಿ ಹರಾಜಿನ ಒಂದು ಪೇಚು ಇದೆ: ಇಡುವ ದಿನ ಒಂದು ರೇಟು, ಮುಗಿದು ಕಳಿಸುವ ದಿನ ಇನ್ನೊಂದು. ಅದಕ್ಕೇ ಈಗ ಹತ್ತು ದಿನದ ಹರಾಜು ಬೇಡ, ಐದು ದಿನದ್ದು ಸಾಕು ಅನ್ನುತ್ತೇನೆ.

ಮೈಸೂರಿನ ಕೆತ್ತನೆ, ಇನ್‌ಲೇ ಕೆಲಸದವರಿಗೆ ಎರಡು ಮಾತು. ಬೀಟೆ ಮರ 2017ರಿಂದ ಸೈಟ್ಸ್ ಒಪ್ಪಂದದ ಪಟ್ಟಿಯಲ್ಲಿದೆ, ಅಂದರೆ ಅಳಿಯಬಹುದಾದ ಪ್ರಾಣಿ, ಗಿಡಮರಗಳ ವ್ಯಾಪಾರಕ್ಕೆ ಮಿತಿ ಹಾಕುವ ಅಂತರರಾಷ್ಟ್ರೀಯ ಒಪ್ಪಂದ. ಚಿಕ್ಕ ತಯಾರಾದ ವಸ್ತುಗಳಿಗೆ ತೂಕದ ಮಿತಿಯಲ್ಲಿ ರಿಯಾಯಿತಿ ಇದೆ, ಮಿತಿ ದಾಟಿದರೆ ಮರ ಕಾನೂನುಬದ್ಧವಾಗಿ ಬಂದದ್ದು ಅನ್ನುವ ವೃಕ್ಷ್ ಪ್ರಮಾಣಪತ್ರ ಕೇಳುತ್ತಾರೆ, ಕರಕುಶಲ ರಫ್ತು ಮಂಡಳಿ ಕೊಡುತ್ತದೆ. ಮರ ಕೊಂಡ ರಸೀದಿ ಎಸೆಯಬೇಡಿ. ದಂತದ ಕೆಲಸ ಇರುವ ಹಳೆಯ ಹಲಗೆ ಅಜ್ಜನ ಕಾಲದ್ದು ಇದ್ದರೂ ಅತ್ತ ಹೋಗಲೇಬೇಡಿ. ಈಬೇ 2009ರಿಂದ ದಂತವನ್ನು ನಿಷೇಧಿಸಿದೆ, ನಮ್ಮ ಕಾನೂನಂತೂ ಅದಕ್ಕಿಂತ ಮೊದಲಿನಿಂದ. ಈಗಿನ ಇನ್‌ಲೇಯಲ್ಲಿ ಹಾಕುವುದು ಪ್ಲಾಸ್ಟಿಕ್ ಆದರೆ ಪ್ಲಾಸ್ಟಿಕ್ ಅಂತಲೇ ಬರೆಯಿರಿ. ‘ದಂತದಂಥ’ ಅಂತ ಬರೆದರೂ ಸೈಟಿನಿಂದ ನಿಮ್ಮ ಮಾರಾಟದ ಪುಟವೇ ಹಾರಿಹೋಗಬಹುದು.

ಕೊನೆಯ ಪ್ರಶ್ನೆ ಬೀದರಿನವರದೇ. ‘ಆ್ಯಂಟಿಕ್ ಅಂತ ಹಾಕಿದರೆ ಜಾಸ್ತಿ ಜನ ನೋಡುತ್ತಾರೆ, ಹಾಕಲಾ?’

ಹಾಕಬೇಡಿ. ಸುಳ್ಳು ಅನ್ನುವುದು ಒಂದು ಕಡೆ ಇರಲಿ. 1972ರ ಪುರಾತನ ವಸ್ತುಗಳ ಕಾನೂನಿನ ಪ್ರಕಾರ 100 ವರ್ಷ ದಾಟಿದ ವಸ್ತುವನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವ ಹಾಗೇ ಇಲ್ಲ. ನೀವು ಹೋದ ತಿಂಗಳು ಮಾಡಿದ ಹುಕ್ಕಾ ಬುಡಕ್ಕೆ ಆ್ಯಂಟಿಕ್ ಅಂತ ಬರೆದು ಕಳಿಸಿದರೆ ಕಸ್ಟಮ್ಸಿನವರು ನಿಮ್ಮ ಮಾತನ್ನೇ ನಂಬಿ ಹಿಡಿದುಕೊಳ್ಳುತ್ತಾರೆ. ಆಮೇಲೆ ಅದು ಹೊಸದು ಅಂತ ಸಾಬೀತು ಮಾಡಲು ಪುರಾತತ್ವ ಇಲಾಖೆಯ ಪ್ರಮಾಣಪತ್ರಕ್ಕೆ ಅಲೆಯಬೇಕು, ಕೊಂಡವನು ಅಷ್ಟರಲ್ಲಿ ದುಡ್ಡು ವಾಪಸ್ ಕೇಳಿರುತ್ತಾನೆ. ಹಳೆಯ ಶೈಲಿ, ಹೊಸ ಕೆಲಸ, ಇಂಥ ವರ್ಷ ಬೀದರಿನಲ್ಲಿ ಮಾಡಿದ್ದು, ಮಾಡಿದವರು ಇಂಥವರು ಅಂತ ಬರೆಯಿರಿ. ಬುಡದಲ್ಲಿ ಹೆಸರು ಮತ್ತು ವರ್ಷ ಕೆತ್ತಿದ್ದರೆ ಇನ್ನೂ ಒಳ್ಳೆಯದು.

ಐಇಸಿ, ಅಂದರೆ ಆಮದು ರಫ್ತು ಮಾಡುವವರಿಗೆ ಸರ್ಕಾರ ಕೊಡುವ ನಂಬರ್, ಇಲ್ಲದವರು ಊಟದ ಮೇಲೆ ಹಿಂದಿನ ಮೇಜಿಗೆ ಬನ್ನಿ, ಕೂತು ಮಾಡಿಕೊಡುತ್ತೇವೆ. 500 ರೂಪಾಯಿ ಸರ್ಕಾರಿ ಶುಲ್ಕ. ಪ್ಯಾನ್ ಕಾರ್ಡು, ಆಧಾರ್, ಕ್ಯಾನ್ಸಲ್ ಮಾಡಿದ ಒಂದು ಚೆಕ್ಕು ಇದ್ದರೆ ಸಾಕು. ಪ್ಯಾನಿನಲ್ಲಿ ಒಂದು ಹೆಸರು, ಬ್ಯಾಂಕಿನಲ್ಲಿ ಇನ್ನೊಂದು ಹೆಸರು ಇರುವವರು ಮೊದಲು ಅದನ್ನು ಸರಿಮಾಡಿಸಿಕೊಂಡು ಬನ್ನಿ.